ಅಲ್ಯೂಮಿನಿಯಂನಲ್ಲಿ ಸ್ಟೀಲ್ ಬೋಲ್ಟ್: ಥ್ರೆಡ್ ಹೋಗದಂತೆ ಬಿಗಿಯುವುದು ಹೇಗೆ?

ನಮ್ಮ ಕಾಲೇಜಿನ ಗೇಟಿನ ಪಕ್ಕ ನಿಲ್ಲಿಸುವ ಬೈಕ್, ಸ್ಕೂಟರ್‌ಗಳಲ್ಲಿ ಯಾವುದನ್ನೇ ನೋಡಿ, ಎಂಜಿನ್ನಿನ ಮೈ ಅಲ್ಯೂಮಿನಿಯಂ, ಅದನ್ನು ಹಿಡಿದಿರುವ ಬೋಲ್ಟ್ ಸ್ಟೀಲ್. ಮೆದು ಲೋಹದೊಳಗೆ ಗಟ್ಟಿ ಲೋಹವನ್ನು ತಿರುಗಿಸಿ ಕೂರಿಸಿದ್ದಾರೆ. ಸರ್ವಿಸ್ ಮಾಡುವಾಗ ಕೆಲವೊಮ್ಮೆ ಆ ಬೋಲ್ಟ್ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದೇ ಇಲ್ಲ. ಆಗ ಮೆಕ್ಯಾನಿಕ್ ಹೇಳುವ ಮಾತು ಒಂದೇ: "ಥ್ರೆಡ್ ಹೋಗಿದೆ." ನಮ್ಮ ಮನೆಯ ಉರ್ದುವಿನಲ್ಲಿ ಥ್ರೆಡ್‌ಗೆ ಚೂಡಿ ಎನ್ನುತ್ತೇವೆ. ಬಳೆಗೂ ಅದೇ ಹೆಸರು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಬ್ಬಾ ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸುತ್ತಾರೆ, ಅದರ ಲೆಕ್ಕದ ಪುಸ್ತಕ ಬರೆಯುವುದು ಎರಡು ವರ್ಷದಿಂದ ನನ್ನ ಕೆಲಸ. ಆ ಪುಸ್ತಕದಲ್ಲಿ "ಥ್ರೆಡ್ ರಿಪೇರಿ" ಎಂಬ ಸಾಲು ಬಂದರೆ ಅದರ ಎದುರಿನ ಜಮಾ ಕಾಲಂ ಹೆಚ್ಚಾಗಿ ಖಾಲಿಯೇ ಇರುತ್ತದೆ. ಗಿರಾಕಿ "ನಿಮ್ಮ ಹುಡುಗನೇ ಹಾಳು ಮಾಡಿದ್ದು" ಎನ್ನುತ್ತಾರೆ. ಹುಡುಗ "ಮೊದಲೇ ಹೋಗಿತ್ತು ಚಾಚಾ" ಎನ್ನುತ್ತಾನೆ. ಖರ್ಚು ಗ್ಯಾರೇಜಿನ ಮೇಲೆ ಬೀಳುತ್ತದೆ. ಕೆಲವು ಕಡೆ ಅದನ್ನು ಹುಡುಗನ ವಾರದ ಸಂಬಳದಲ್ಲೇ ಹಿಡಿದುಬಿಡುತ್ತಾರೆ. ಹಾಗೆ ಸಂಬಳ ಕಳೆದುಕೊಳ್ಳುವವರು ಹೆಚ್ಚಾಗಿ ನಮ್ಮ ವಯಸ್ಸಿನವರೇ, ಎಸ್ಸೆಸ್ಸೆಲ್ಸಿ ನಂತರ ಓದು ಬಿಟ್ಟು ಕೆಲಸಕ್ಕೆ ಸೇರಿದವರು. ರಜೆಯಲ್ಲಿ ಗ್ಯಾರೇಜಿಗೆ ಹೋಗುವ ಗೆಳೆಯರು ನಮ್ಮ ತರಗತಿಯಲ್ಲೂ ಇದ್ದಾರೆ. ಅವರಿಗೂ, ಮನೆಯಲ್ಲೇ ಆಯಿಲ್ ಬದಲಿಸುವ ಉಪನ್ಯಾಸಕರಿಗೂ ಉಪಯೋಗವಾಗಲಿ ಎಂದು ಅಬ್ಬಾನಿಂದ ಕಲಿತದ್ದನ್ನು, ಸರ್ವಿಸ್ ಮ್ಯಾನುಯಲ್‌ಗಳಲ್ಲಿ ಓದಿದ್ದನ್ನು, ಭೌತಶಾಸ್ತ್ರದ ಉಪನ್ಯಾಸಕರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಸೇರಿಸಿ ಬರೆದಿದ್ದೇನೆ.

ಎರಡು ಲೋಹ ಯಾಕೆ?

ಒಂದು ಘನ ಸೆಂಟಿಮೀಟರ್ ಸ್ಟೀಲ್ ಸುಮಾರು 7.8 ಗ್ರಾಂ ತೂಗುತ್ತದೆ, ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ. ಅಂದರೆ ಸುಮಾರು ಮೂರನೇ ಒಂದು ಪಾಲು. ಬೀಡುಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಶಾಖವನ್ನು ಬೇಗ ಹೊರಗೆ ಸಾಗಿಸುತ್ತದೆ. ಅಚ್ಚಿಗೆ ಹೊಯ್ದು ಬೇಕಾದ ಆಕಾರ ತೆಗೆಯುವುದೂ ಸುಲಭ. ಹೀಗಾಗಿ ಎಂಜಿನ್ನಿನ ಹೆಡ್, ಕ್ರ್ಯಾಂಕ್‌ಕೇಸ್, ಕ್ಲಚ್ ಕವರ್ ಎಲ್ಲವೂ ಅಲ್ಯೂಮಿನಿಯಂ ಮಿಶ್ರಲೋಹದವು.

ಆದರೆ ಬೋಲ್ಟ್ ಸಣ್ಣದಾಗಿದ್ದು ಹೆಚ್ಚು ಎಳೆತ ತಡೆಯಬೇಕು, ಅದಕ್ಕೆ ಸ್ಟೀಲೇ ಸರಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಮೊದಲ 8 ಅನ್ನು 100ರಿಂದ ಗುಣಿಸಿದರೆ 800. ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಅದು ತುಂಡಾಗುವುದಿಲ್ಲ ಎಂದರ್ಥ. ಎಂಜಿನ್ ಕವರಿನ ಎರಕದ ಅಲ್ಯೂಮಿನಿಯಂಗೆ ಈ ಸಂಖ್ಯೆ ಸಾಮಾನ್ಯವಾಗಿ 150ರಿಂದ 300ರ ನಡುವೆ. ಇಬ್ಬರ ಜಗಳದಲ್ಲಿ ಸೋಲುವವರು ಯಾರು ಎಂದು ಇಲ್ಲೇ ಗೊತ್ತಾಗುತ್ತದೆ. ಅತಿಯಾಗಿ ಬಿಗಿದರೆ ಬೋಲ್ಟ್ ಹಾಗೆಯೇ ಇರುತ್ತದೆ, ತೂತಿನೊಳಗಿನ ಥ್ರೆಡ್ ಕಿತ್ತು ಬರುತ್ತದೆ. ಹೊರಗೆ ತೆಗೆದ ಬೋಲ್ಟಿಗೆ ಬೆಳ್ಳಿ ತಂತಿಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿರುತ್ತದೆ.

ಬಿಗಿಯುವಾಗ ಒಳಗೆ ನಡೆಯುವುದೇನು?

ಬೋಲ್ಟ್ ಬಿಗಿಯುವುದು ಎಂದರೆ ಅದನ್ನು ಸ್ವಲ್ಪ ಹಿಗ್ಗಿಸುವುದು. ಹಿಗ್ಗಿದ ಬೋಲ್ಟ್ ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲ. ಪಾನಾ ಹಿಡಿದು ನಾವು ಹಾಕುವ ತಿರುಗು ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಹಾಕಿದ ಬಲವನ್ನು ಪಾನಾದ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ, ಅಳತೆ ನ್ಯೂಟನ್ ಮೀಟರ್.

ವಾಣಿಜ್ಯದವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ನೀವು 100 ರೂಪಾಯಿಯ ಟಾರ್ಕ್ ಹಾಕಿದರೆ ಸುಮಾರು 50 ರೂಪಾಯಿ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, 40 ರೂಪಾಯಿ ಥ್ರೆಡ್‌ಗಳ ನಡುವಿನ ಘರ್ಷಣೆಗೆ ಖರ್ಚಾಗುತ್ತದೆ. ಕೈಯಲ್ಲಿ ಉಳಿದು ಬೋಲ್ಟನ್ನು ಎಳೆಯುವುದು 10 ರೂಪಾಯಿ ಮಾತ್ರ. ಈಗ ಥ್ರೆಡ್‌ಗೆ ಆಯಿಲ್ ಹಚ್ಚಿದಿರಿ ಎನ್ನಿ. ಖರ್ಚು ಕಡಿಮೆಯಾಗುತ್ತದೆ, ಉಳಿಕೆ ಹೆಚ್ಚುತ್ತದೆ. ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಎಳೆಯುತ್ತದೆ. ಆಯಿಲ್ ಹಚ್ಚಿದ ಬೋಲ್ಟನ್ನು ಒಣ ಬೋಲ್ಟಿನಷ್ಟೇ ಬಲ ಹಾಕಿ ಬಿಗಿದಾಗ ಥ್ರೆಡ್ ಹೋಗಲು ಇದೇ ಕಾರಣ.

ಇದಕ್ಕೆ ಒಂದು ಸರಳ ಸೂತ್ರವಿದೆ. ಟಾರ್ಕನ್ನು ಬೋಲ್ಟಿನ ವ್ಯಾಸದಿಂದಲೂ ಘರ್ಷಣೆಯ ಅಂಕದಿಂದಲೂ ಭಾಗಿಸಿದರೆ ಎಳೆತ ಸಿಗುತ್ತದೆ. ಒಣ ಬೋಲ್ಟಿಗೆ ಆ ಅಂಕ ಸುಮಾರು 0.2. ಬೈಕ್ ಕವರ್‌ಗಳಲ್ಲಿ ಹೆಚ್ಚು ಕಾಣುವ 6 ಮಿ.ಮೀ. ಬೋಲ್ಟ್, ಅಂದರೆ ಎಂ6 ತೆಗೆದುಕೊಳ್ಳೋಣ. ಟಾರ್ಕ್ 10 ನ್ಯೂಟನ್ ಮೀಟರ್, ವ್ಯಾಸ 0.006 ಮೀಟರ್.

10 ÷ (0.2 × 0.006) = ಸುಮಾರು 8,300 ನ್ಯೂಟನ್.

ಅದು 850 ಕೆ.ಜಿ. ತೂಕಕ್ಕೆ ಸಮ, ಸಣ್ಣ ಕಾರೊಂದನ್ನು ಅದಕ್ಕೆ ನೇತುಹಾಕಿದಂತೆ. ಆಯಿಲ್ ಹಚ್ಚಿ ಅಂಕ 0.15ಕ್ಕೆ ಇಳಿದರೆ ಎಳೆತ ಸುಮಾರು 11,100 ನ್ಯೂಟನ್ನಿಗೆ ಏರುತ್ತದೆ, ಮೂರನೇ ಒಂದರಷ್ಟು ಹೆಚ್ಚು. ಕೈಗೆ ಮಾತ್ರ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಈ 10 ನ್ಯೂಟನ್ ಮೀಟರ್ ಹಾಕಲು ಎಷ್ಟು ಶಕ್ತಿ ಬೇಕು? ಕೈ ಮತ್ತು ಬೋಲ್ಟಿನ ನಡುವೆ 15 ಸೆಂ.ಮೀ. ಅಂತರವಿದ್ದರೆ ಸುಮಾರು 7 ಕೆ.ಜಿ.ಯಷ್ಟು ಒತ್ತಿದರೆ ಸಾಕು. 30 ಸೆಂ.ಮೀ. ಹಿಡಿಕೆಯಾದರೆ ಮೂರೂವರೆ ಕೆ.ಜಿ. ಸಾಕು. ಅಕ್ಕಿ ಚೀಲ ಎತ್ತುವ ಹುಡುಗನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ "ಇನ್ನೂ ಒಂದು ಎಳೆತ ಹಾಕೋಣ" ಎನ್ನುತ್ತಾನೆ. ಆ ಒಂದು ಎಳೆತಕ್ಕೇ ಥ್ರೆಡ್ ಹೋಗುತ್ತದೆ.

ಎಷ್ಟು ಥ್ರೆಡ್ ಒಳಗೆ ಹೋಗಿರಬೇಕು?

ಎಲ್ಲಾ ಥ್ರೆಡ್‌ಗಳೂ ಭಾರವನ್ನು ಸಮಾನವಾಗಿ ಹೊರುತ್ತವೆ ಎಂದು ನಾನು ತಿಳಿದಿದ್ದೆ. ನಿಜವೆಂದರೆ ಬೋಲ್ಟಿನ ತಲೆಯ ಕಡೆಯಿಂದ ಮೊದಲ ಥ್ರೆಡ್ ಒಂದೇ ಸುಮಾರು ಮೂರನೇ ಒಂದು ಪಾಲು ಹೊರುತ್ತದೆ. ಮುಂದೆ ಪ್ರತಿಯೊಂದರ ಪಾಲೂ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲನೆಯದು ಬಿಟ್ಟುಕೊಟ್ಟರೆ ಭಾರ ಎರಡನೆಯದರ ಮೇಲೆ ಬೀಳುತ್ತದೆ, ಅದೂ ಸೋತರೆ ಮೂರನೆಯದರ ಮೇಲೆ. ಥ್ರೆಡ್ ಹೋಗುವುದು ಹೀಗೆ, ಸಾಲಾಗಿ.

ಸ್ಟೀಲಿನೊಳಗೆ ಸ್ಟೀಲ್ ಬೋಲ್ಟ್ ಆದರೆ ಬೋಲ್ಟಿನ ವ್ಯಾಸದಷ್ಟು ಉದ್ದ ಒಳಗಿದ್ದರೆ ಸಾಕು. ಅಲ್ಯೂಮಿನಿಯಂ ಆದರೆ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಬೇಕು. ಎಂ6 ಬೋಲ್ಟಿಗೆ 9ರಿಂದ 12 ಮಿ.ಮೀ., ಎಂ8 ಬೋಲ್ಟಿಗೆ 12ರಿಂದ 16 ಮಿ.ಮೀ.

ಒಂದು ಉದಾಹರಣೆ: ಕವರಿನ ದಪ್ಪ 18 ಮಿ.ಮೀ., ಮೂಲ ಬೋಲ್ಟಿನ ಉದ್ದ 30 ಮಿ.ಮೀ. ಆಗ ಕ್ರ್ಯಾಂಕ್‌ಕೇಸಿನೊಳಗೆ ಹೋಗುವುದು 12 ಮಿ.ಮೀ. ಬೋಲ್ಟ್ ಕಳೆದುಹೋಯಿತೆಂದು 25 ಮಿ.ಮೀ. ಬೋಲ್ಟ್ ಹಾಕಿದರೆ ಒಳಗೆ ಹೋಗುವುದು 7 ಮಿ.ಮೀ. ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಉದ್ದ ಹೆಚ್ಚಾದರೂ ಕಷ್ಟವೇ. ಬೋಲ್ಟಿನ ತುದಿ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ, ಕವರ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಆಯಿಲ್ ಸೋರುವುದನ್ನು ನೋಡಿ ಇನ್ನೂ ಬಿಗಿಯುತ್ತಾರೆ, ಥ್ರೆಡ್ ಕಿತ್ತುಬರುತ್ತದೆ.

ಒಂದೇ ದಪ್ಪ, ಬೇರೆ ಬೇರೆ ಥ್ರೆಡ್

1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲರೂ ಒಂದೇ ಅಳತೆಯ ಥ್ರೆಡ್ ಬಳಸಬೇಕೆಂದು ಒಂದು ಮಾನದಂಡ ಮುಂದಿಟ್ಟರು. ಅದರ ಕೋನ 55 ಡಿಗ್ರಿ. ಇಂದಿನ ಮೆಟ್ರಿಕ್ ಥ್ರೆಡ್‌ನ ಕೋನ 60 ಡಿಗ್ರಿ. ಹಳೆಯ ಬುಲೆಟ್‌ಗಳಲ್ಲಿ ಇಂಚಿನ ಅಳತೆಯ ಥ್ರೆಡ್‌ಗಳಿದ್ದವು, ಅವುಗಳ ಬೋಲ್ಟನ್ನು ಈಗಿನ ಬೈಕಿಗೆ ಹಾಕಬಾರದು.

ಮೆಟ್ರಿಕ್‌ನಲ್ಲೇ ಒಂದು ಮೋಸವಿದೆ. ಜಪಾನ್ ಮೂಲದ ವಿನ್ಯಾಸದ ಬೈಕ್‌ಗಳಲ್ಲಿ 10 ಮಿ.ಮೀ. ಬೋಲ್ಟಿನ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ಅಂತರ, ಹೆಚ್ಚಾಗಿ 1.25 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ 10 ಮಿ.ಮೀ. ಬೋಲ್ಟ್ ಕೇಳಿದರೆ ಕೊಡುವುದು 1.5 ಮಿ.ಮೀ. ಪಿಚ್‌ನದು. ಅದು ಎರಡು ಸುತ್ತು ಒಳಗೆ ಹೋಗಿ ನಿಲ್ಲುತ್ತದೆ. "ಕೊಳೆ ಇರಬೇಕು" ಎಂದು ಪಾನಾ ಹಾಕಿ ತಿರುಗಿಸಿದರೆ ಗಟ್ಟಿ ಬೋಲ್ಟ್ ಅಲ್ಯೂಮಿನಿಯಂ ಕೊರೆದು ತನ್ನದೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಅಂಗಡಿಗೆ ಹಳೆಯ ಬೋಲ್ಟನ್ನೇ ತೆಗೆದುಕೊಂಡು ಹೋಗಬೇಕು. ಎರಡು ಬೋಲ್ಟ್‌ಗಳ ಥ್ರೆಡ್‌ಗಳನ್ನು ಒಂದಕ್ಕೊಂದು ತಾಗಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಾಣದೆ ಪೂರ್ತಿ ಕೂತರೆ ಪಿಚ್ ಒಂದೇ.

ಪಾಲಿಸಬೇಕಾದ ಕ್ರಮ

1. ಬೋಲ್ಟ್ ಬಿಚ್ಚುವಾಗಲೇ ಜಾಗ ಗುರುತಿಸಿ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿತ್ತೋ ಅಲ್ಲೇ ಚುಚ್ಚಿಡಿ. ಒಂದೇ ಕವರಿನಲ್ಲಿ ಎರಡು ಮೂರು ಉದ್ದದ ಬೋಲ್ಟ್‌ಗಳಿರುತ್ತವೆ.

2. ಬೋಲ್ಟ್ ಮತ್ತು ತೂತು ಎರಡನ್ನೂ ಸ್ವಚ್ಛಗೊಳಿಸಿ. ಬೋಲ್ಟಿಗೆ ತಂತಿ ಬ್ರಷ್, ತೂತಿಗೆ ಪೆಟ್ರೋಲ್ ಮತ್ತು ಗಾಳಿ. ಪೆಟ್ರೋಲ್ ಬಳಸುವಾಗ ಎಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಇರಬಾರದು, ಗಾಳಿ ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

3. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಅಥವಾ ನೀರು ನಿಂತಿರಬಾರದು. ದ್ರವ ಕುಗ್ಗುವುದಿಲ್ಲ. ಬೋಲ್ಟ್ ಅದನ್ನು ಒತ್ತಿದಾಗ ತೂತಿನ ಸುತ್ತಲಿನ ಎರಕವೇ ಸೀಳಬಹುದು.

4. ಮೊದಲು ಬೋಲ್ಟನ್ನು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಬೆರಳಿನಿಂದ ತಿರುಗಿಸಿ. ಥ್ರೆಡ್‌ನ ಬಾಯಿಗೆ ಬಂದಾಗ ಬೋಲ್ಟ್ ಸಣ್ಣಗೆ ಟಕ್ ಎಂದು ಕೆಳಗಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಥ್ರೆಡ್ ಅಡ್ಡ ಕೂರುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಖರ್ಚೂ ಇಲ್ಲ.

5. ಕನಿಷ್ಠ ನಾಲ್ಕೈದು ಸುತ್ತು ಬೆರಳಿನಿಂದಲೇ ಹೋಗಬೇಕು. ಹೋಗದಿದ್ದರೆ ಪಾನಾ ಹಾಕದೆ, ಬಿಚ್ಚಿ ಕಾರಣ ಹುಡುಕಿ.

6. ಎಲ್ಲಾ ಬೋಲ್ಟ್‌ಗಳನ್ನೂ ಬೆರಳಿನಿಂದ ಕೂರಿಸಿದ ಮೇಲೆ ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕವರ್ ವಾಲಿ ಉಳಿದ ಬೋಲ್ಟ್‌ಗಳು ಓರೆಯಾಗುತ್ತವೆ.

7. ಕೊನೆಯ ಬಿಗಿ ಟಾರ್ಕ್ ರೆಂಚಿನಿಂದ. ಟಕ್ ಎಂದ ಕೂಡಲೇ ನಿಲ್ಲಿಸಬೇಕು, ಖಾತ್ರಿಗೆಂದು ಇನ್ನೊಮ್ಮೆ ಎಳೆಯಬಾರದು. ಸಣ್ಣ ಬೋಲ್ಟ್‌ಗೆ 5ರಿಂದ 25 ನ್ಯೂಟನ್ ಮೀಟರಿನ ಸಣ್ಣ ರೆಂಚ್ ಬೇಕು. ಕಾರಿನ ಚಕ್ರ ಬಿಗಿಯುವ ದೊಡ್ಡ ರೆಂಚ್ ಇಷ್ಟು ಕಡಿಮೆ ಅಳತೆಯನ್ನು ಸರಿಯಾಗಿ ತೋರಿಸುವುದಿಲ್ಲ.

8. ಟಾರ್ಕ್ ರೆಂಚ್ ಇಲ್ಲದಿದ್ದರೆ ಸಣ್ಣ ಪಾನಾ ಬಳಸಿ, ಹಿಡಿಕೆಯ ತುದಿಯನ್ನು ಬಿಟ್ಟು ಬೋಲ್ಟಿನ ಹತ್ತಿರ ಹಿಡಿಯಿರಿ. ಪೈಪ್ ತೊಡಿಸಿ ಉದ್ದ ಮಾಡಬೇಡಿ. ಗಾಳಿಯ ಗನ್ ಬಿಚ್ಚಲಿಕ್ಕೆ ಇರಲಿ, ಅಲ್ಯೂಮಿನಿಯಂನಲ್ಲಿ ಬಿಗಿಯಲು ಬೇಡ.

9. ಬಿಗಿಯುವಾಗ ಬಿಗಿತ ಏರುತ್ತಾ ಬಂದು ಇದ್ದಕ್ಕಿದ್ದಂತೆ ಬೆಣ್ಣೆಯಂತೆ ಮೆದುವಾದರೆ ತಕ್ಷಣ ಕೈ ತೆಗೆಯಿರಿ. ಥ್ರೆಡ್ ಸೋಲಲು ಶುರುವಾಗಿದೆ.

ಡ್ರೈನ್ ಬೋಲ್ಟ್ ಮತ್ತು ಸ್ಪಾರ್ಕ್ ಪ್ಲಗ್

ಎಂಜಿನ್ ಆಯಿಲ್ ಬದಲಿಸಿದಾಗಲೆಲ್ಲ ಬಿಚ್ಚುವ ಬೋಲ್ಟ್ ಡ್ರೈನ್ ಬೋಲ್ಟ್. ಅದಕ್ಕೇ ಅದರ ಥ್ರೆಡ್ ಹೆಚ್ಚು ಹೋಗುತ್ತದೆ. ಆಯಿಲ್ ಸೋರದಂತೆ ತಡೆಯುವುದು ಅದರ ಕೆಳಗಿನ ವಾಷರ್. ತಾಮ್ರ ಅಥವಾ ಅಲ್ಯೂಮಿನಿಯಂನ ಆ ವಾಷರ್ ಒತ್ತಿದಾಗ ಸ್ವಲ್ಪ ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಹಳೆಯ ವಾಷರ್ ಈಗಾಗಲೇ ಗಟ್ಟಿಯಾಗಿರುವುದರಿಂದ ಹನಿ ಸೋರುತ್ತದೆ. ಸೋರುವುದನ್ನು ನಿಲ್ಲಿಸಲು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ಹೊಸ ವಾಷರ್ ಹಾಕಿದ್ದರೆ ಅದರ ಅಗತ್ಯವೇ ಬರುತ್ತಿರಲಿಲ್ಲ. ಹಲವು ಸಣ್ಣ ಬೈಕ್‌ಗಳಲ್ಲಿ 12 ಮಿ.ಮೀ. ಡ್ರೈನ್ ಬೋಲ್ಟಿಗೆ 24ರಿಂದ 30 ನ್ಯೂಟನ್ ಮೀಟರ್ ಕೊಟ್ಟಿರುತ್ತಾರೆ. ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಅಂತಿಮ.

ಈ ಬೋಲ್ಟ್ ಓಡುವಾಗ ಬಿದ್ದುಹೋದರೆ ಆಯಿಲ್ ಹಿಂದಿನ ಟೈರಿನ ಮೇಲೆ ಚೆಲ್ಲುತ್ತದೆ. ತಿರುವಿನಲ್ಲಿ ಚಕ್ರ ಜಾರುತ್ತದೆ. ಸವಾರ ಬಚಾವಾದರೂ ಆಯಿಲ್ ಇಲ್ಲದೆ ಎಂಜಿನ್ ಸೀಜ್ ಆಗುತ್ತದೆ. ಥ್ರೆಡ್ ಹೋದದ್ದು ಗೊತ್ತಿದ್ದೂ ಟೆಫ್ಲಾನ್ ಟೇಪ್ ಸುತ್ತಿ, ಮೇಲೆ ಅಂಟು ಮೆತ್ತಿ ಕಳಿಸಿದ ಒಂದು ಸ್ಕೂಟರ್ ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದಿತ್ತು. ಅದನ್ನು ಓಡಿಸುತ್ತಿದ್ದವರು ದಿನಾಲೂ ಇಬ್ಬರು ಮಕ್ಕಳನ್ನು ಶಾಲೆಗೆ ಬಿಡುವ ತಾಯಿ. ಗಿರಾಕಿಯ ಗಾಡಿ ನಮ್ಮ ಕೈಯಲ್ಲಿರುವ ಅಮಾನತ್ ಎಂದು ಅಬ್ಬಾ ಯಾವಾಗಲೂ ಹೇಳುತ್ತಾರೆ. ಆ ಮಾತಿನ ತೂಕ ನನಗೆ ಅಂದು ತಿಳಿಯಿತು.

ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಬೇಕು. ಬಿಸಿಯಲ್ಲಿ ಅಲ್ಯೂಮಿನಿಯಂ ಇನ್ನಷ್ಟು ಮೆದುವಾಗಿರುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಿರಿ. ಅಲ್ಯೂಮಿನಿಯಂ ಹೆಡ್‌ಗೆ ವಾಷರ್ ಇರುವ ಪ್ಲಗ್‌ಗಳ ಟಾರ್ಕ್ ಸಾಮಾನ್ಯವಾಗಿ ಹೀಗಿರುತ್ತದೆ:

10 ಮಿ.ಮೀ. ಪ್ಲಗ್: 10ರಿಂದ 12 ನ್ಯೂಟನ್ ಮೀಟರ್
12 ಮಿ.ಮೀ. ಪ್ಲಗ್: 15ರಿಂದ 20 ನ್ಯೂಟನ್ ಮೀಟರ್
14 ಮಿ.ಮೀ. ಪ್ಲಗ್: 25ರಿಂದ 30 ನ್ಯೂಟನ್ ಮೀಟರ್

ರೆಂಚ್ ಇಲ್ಲದಿದ್ದರೆ, ಹೊಸ ಪ್ಲಗ್ಗನ್ನು ಬೆರಳಿನಿಂದ ಪೂರ್ತಿ ಕೂರಿಸಿ ನಂತರ ಅರ್ಧ ಸುತ್ತು ತಿರುಗಿಸಿ. ಅದರ ವಾಷರ್ ಚಪ್ಪಟೆಯಾಗಲು ಅಷ್ಟು ಬೇಕು. ಬಳಸಿದ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು, ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು. ಹಳೆಯ ಪ್ಲಗ್ಗಿಗೂ ಅರ್ಧ ಸುತ್ತು ಹಾಕಿದರೆ ಹೆಡ್‌ನ ಥ್ರೆಡ್ ಉಳಿಯುವುದು ಕಷ್ಟ.

ಶಾಖ ಮತ್ತು ಉಪ್ಪು

100 ಡಿಗ್ರಿ ಬಿಸಿ ಏರಿದರೆ 100 ಮಿ.ಮೀ. ಅಲ್ಯೂಮಿನಿಯಂ ಸುಮಾರು 0.23 ಮಿ.ಮೀ. ಹಿಗ್ಗುತ್ತದೆ, ಸ್ಟೀಲ್ ಸುಮಾರು 0.12 ಮಿ.ಮೀ. ಮಾತ್ರ. ಆದ್ದರಿಂದ ಎಂಜಿನ್ ಕಾದಾಗ ಅಲ್ಯೂಮಿನಿಯಂ ಕವರ್ ದಪ್ಪವಾಗಿ ಬೋಲ್ಟನ್ನು ತಾನೇ ಎಳೆಯುತ್ತದೆ. ತಣ್ಣಗಿರುವಾಗಲೇ ಮಿತಿ ಮುಟ್ಟಿದ್ದ ಥ್ರೆಡ್ ಬಿಸಿಯಲ್ಲಿ ಸೋಲುತ್ತದೆ. ಗ್ಯಾರೇಜಿನಲ್ಲಿ ಸರಿಯಿದ್ದ ಬೋಲ್ಟ್ ವಾರದ ನಂತರ ಸಡಿಲವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಒಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಈ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರಿಂದಾದ ಬಿಳಿ ಪುಡಿ ಥ್ರೆಡ್‌ಗಳ ನಡುವೆ ತುಂಬಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಬೋಲ್ಟಿನೊಂದಿಗೆ ಥ್ರೆಡ್ಡೂ ಬರುತ್ತದೆ. ಮಂಗಳೂರು, ಕಾರವಾರದಂಥ ಕಡಲ ಊರುಗಳಲ್ಲಿ ಓಡಿದ ಗಾಡಿಗಳಲ್ಲಿ ಇದು ಹೆಚ್ಚು. ಹೊಳೆಯಲಿ ಎಂದು ಸ್ಟೇನ್‌ಲೆಸ್ ಬೋಲ್ಟ್ ಹಾಕಿಸುವವರಿದ್ದಾರೆ. ಅಲ್ಯೂಮಿನಿಯಂ ಪಕ್ಕದಲ್ಲಿ ಅದು ಸತುವಿನ ಲೇಪನವಿರುವ ಬೋಲ್ಟಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಇಂಥ ಕಡೆ ಥ್ರೆಡ್‌ಗೆ ಆಂಟಿ ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಬೇಕು. ಹಚ್ಚಿದರೆ ಮೇಲೆ ಹೇಳಿದ ಲೆಕ್ಕದಂತೆ ಟಾರ್ಕನ್ನೂ ಇಳಿಸಬೇಕು. ಸ್ಪಾರ್ಕ್ ಪ್ಲಗ್‌ಗೆ ಮಾತ್ರ ಕಂಪನಿ ಹೇಳದ ಹೊರತು ಏನೂ ಹಚ್ಚುವುದು ಬೇಡ.

ಕಚ್ಚಿಕೊಂಡ ಬೋಲ್ಟನ್ನು ಒಂದೇ ಸಲ ಎಳೆಯಬಾರದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದು, ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಬೇಕು. ತಾಳ್ಮೆ ಇದ್ದವರಿಗೆ ಥ್ರೆಡ್ ಸಮೇತ ಸಿಗುತ್ತದೆ.

ಹೋದ ಮೇಲೆ ಏನು?

ಥ್ರೆಡ್ ಹೋದರೆ ಸರಿಯಾದ ರಿಪೇರಿ ಇದೆ. ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ವಿಶೇಷ ಟ್ಯಾಪ್ ಹಾಕಿ, ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ಒಳಗೆ ಕೂರಿಸುತ್ತಾರೆ. ಇದಕ್ಕೆ ಹೆಲಿಕಾಯಿಲ್ ಎಂಬ ಹೆಸರು ಬಳಕೆಯಲ್ಲಿದೆ. ಮೊದಲಿನ ಅಳತೆಯ ಬೋಲ್ಟನ್ನೇ ಮತ್ತೆ ಹಾಕಬಹುದು. ಸುರುಳಿಯ ಹೊರಸುತ್ತು ದೊಡ್ಡದಿರುವುದರಿಂದ ಭಾರ ಹೆಚ್ಚು ಅಲ್ಯೂಮಿನಿಯಂ ಮೇಲೆ ಹಂಚಿಹೋಗುತ್ತದೆ. ಹಾಗಾಗಿ ಈ ಥ್ರೆಡ್ ಮೊದಲಿಗಿಂತ ಗಟ್ಟಿ. ಪದೇ ಪದೇ ಬಿಚ್ಚುವ ಜಾಗಕ್ಕೆ ಸ್ಟೀಲ್ ಬುಷ್ ಕೂರಿಸುವುದೂ ಒಳ್ಳೆಯದು. ಇನ್ನೊಂದು ದಾರಿ ಸ್ಟಡ್. ಎರಡೂ ಕಡೆ ಥ್ರೆಡ್ ಇರುವ ಸರಳನ್ನು ಅಲ್ಯೂಮಿನಿಯಂನಲ್ಲಿ ಒಮ್ಮೆ ಕೂರಿಸಿದರೆ ಮುಂದೆ ಬಿಚ್ಚುವುದೆಲ್ಲ ಅದರ ಮೇಲಿನ ನಟ್ ಮಾತ್ರ. ಸವೆದರೆ ಅಗ್ಗದ ನಟ್ ಸವೆಯಲಿ ಎಂಬ ಲೆಕ್ಕಾಚಾರ. ಸೈಲೆನ್ಸರ್ ಹೆಡ್‌ಗೆ ಸೇರುವ ಜಾಗದಲ್ಲಿ ಸ್ಟಡ್ ಇರುವುದನ್ನು ನೀವು ನೋಡಬಹುದು. ಬ್ರೇಕ್ ಹಿಡಿದಿರುವ ಬೋಲ್ಟಿನ ಥ್ರೆಡ್ ಹೋದರೆ ಮಾತ್ರ ಸ್ವಂತ ಪ್ರಯೋಗ ಮಾಡದೆ ಅನುಭವಿಗಳಿಗೆ ಒಪ್ಪಿಸಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಬೈಕ್‌ಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮ ರಾಜ್ಯದಲ್ಲಿ ಇನ್ನೂ ಇದ್ದಾರೆ. ಅಂಥ ಗಾಡಿಗೆ ಹೊಸ ಕ್ರ್ಯಾಂಕ್‌ಕೇಸ್ ಹುಡುಕುವುದು ಸುಲಭವಲ್ಲ. ಅಲ್ಲಿ ಒಂದು ಥ್ರೆಡ್ ಉಳಿಸಿದರೆ ಒಂದು ಗಾಡಿಯನ್ನೇ ಉಳಿಸಿದಂತೆ.

ಕೊನೆಗೆ ನನ್ನ ವಿಷಯ: ಲೆಕ್ಕ

ಟಾರ್ಕ್ ರೆಂಚ್ ದುಬಾರಿ ಎಂದು ಹಲವರು ಕೊಳ್ಳುವುದಿಲ್ಲ. ಉದಾಹರಣೆಗೆ ಅದರ ಬೆಲೆ 3,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಳ್ಳೋಣ. ಪ್ರಥಮ ಪಿಯುಸಿಯಲ್ಲಿ ಕಲಿತ ಸರಳ ರೇಖಾ ಪದ್ಧತಿಯಲ್ಲಿ ವರ್ಷಕ್ಕೆ ಸವಕಳಿ 600 ರೂಪಾಯಿ. ವರ್ಷಕ್ಕೆ 300 ಕೆಲಸದ ದಿನ ಎಂದರೆ ದಿನಕ್ಕೆ 2 ರೂಪಾಯಿ. ಇನ್ನೊಂದು ಕಡೆ ಒಂದು ಥ್ರೆಡ್ ಹೋದರೆ ಲೇತ್ ಅಂಗಡಿಯ ಖರ್ಚು, ಅರ್ಧ ದಿನದ ಕೆಲಸ, ನಿಂತುಹೋದ ಬೇರೆ ಗಾಡಿಗಳು. ಪುಸ್ತಕದಲ್ಲಿ ಬರೆಯಲಾಗದ ನಷ್ಟವೆಂದರೆ ಮರಳಿ ಬಾರದ ಗಿರಾಕಿ ಮತ್ತು ವಾರದ ಕೊನೆಗೆ ಸಂಬಳ ಕಡಿಮೆ ಎಣಿಸಿಕೊಂಡು ಮನೆಗೆ ಹೋಗುವ ಹುಡುಗ. ರೆಂಚ್ ಕೊಡಿಸದೆ, ಅಳತೆ ಹೇಳಿಕೊಡದೆ, ಥ್ರೆಡ್ ಹೋದಾಗ ಹುಡುಗನ ಸಂಬಳ ಹಿಡಿಯುವುದು ಲೆಕ್ಕಶಾಸ್ತ್ರದ ಪ್ರಕಾರವೂ ತಪ್ಪು. ಅದು ಉಪಕರಣದ ಖರ್ಚು, ಅದನ್ನು ಕೂಲಿಯ ಖಾತೆಗೆ ಹಾಕಬಾರದು.

ಕೈಗೆ ಅಂದಾಜು ಕಲಿಸಲು ಒಂದು ಅಗ್ಗದ ದಾರಿಯಿದೆ. ಗುಜರಿಯಿಂದ ಹಳೆಯ ಕ್ರ್ಯಾಂಕ್‌ಕೇಸ್ ಒಂದನ್ನು ತೂಕದ ಬೆಲೆಗೆ ತನ್ನಿ. ಅದರಲ್ಲಿ ಎಂ6 ಬೋಲ್ಟ್ ಹಾಕಿ ಟಾರ್ಕ್ ರೆಂಚಿನಿಂದ 10 ನ್ಯೂಟನ್ ಮೀಟರಿಗೆ ಬಿಗಿದು ನೋಡಿ, ನಂತರ ಬರೀ ಪಾನಾದಿಂದ ಅಷ್ಟೇ ಬಿಗಿಯಲು ಪ್ರಯತ್ನಿಸಿ. ಹತ್ತಿಪ್ಪತ್ತು ಸಲ ಮಾಡಿದ ಮೇಲೆ ಒಂದು ತೂತಿನಲ್ಲಿ ಬೇಕೆಂದೇ ಥ್ರೆಡ್ ಹೋಗುವವರೆಗೂ ಬಿಗಿಯಿರಿ, ಬೋಲ್ಟ್ ಮೆದುವಾಗುವ ಆ ಕ್ಷಣ ಹೇಗಿರುತ್ತದೆ ಎಂದು ಕೈಗೆ ಗೊತ್ತಾಗಲಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ವಾರ ಇದನ್ನೇ ಮಾಡಿಸಿದರೆ ಸಾಕು. ಗಿರಾಕಿಯ ಎಂಜಿನ್ನಿಗೆ ಕೈ ಹಾಕುವುದು ಅದರ ನಂತರ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ